ಗುಳ್ಳೆ ಎದ್ದರೆ ಆರಿಸು

ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ ಬೇಕು ಅಂತ ಪುಟ್ಟಲಿಂಗಮ್ಮ ಹರಕೆ ಹೊತ್ತಿದ್ದಳಂತೆ. ದೇವರು ಕಿವಿಗೊಟ್ಟು ಕೇಳಿ ಹಾಗೇ ಕೊಟ್ಟುಬಿಟ್ಟ! ಮಗನ ಹೆಸರು ಬೆಟ್ಟಸ್ವಾಮಿ. ಹಾಲು ನೋಡ್ಕಂಡಿರು ಅಂದರೆ, ಉಕ್ಕಿ ಒಲೆಯೆಲ್ಲ ನೆನೆಯುವ ತನಕ ನೋಡಿಕೊಂಡೇ ಇರುವ ಆಸಾಮಿ. ಕಾರು ಓಡಿಸುವುದೊಂದು ಮಾತ್ರ ಹೇಗೋ ಕಲಿತಿದ್ದ.

ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಆ ಹಳೇ ಕಾರು ಮತ್ತು ತನ್ನ ಕೈರುಚಿ. ಊರೂರಿಗೆ ಹೋಗಿ ಔತಣದ ಅಡುಗೆ ಮಾಡುತ್ತಿದ್ದಳು. ಕಾರು ಕೆಟ್ಟರೆ ಮನೆ ಒಲೆ ಆರಿದ ಹಾಗೆಯೇ.

ಆವತ್ತು ಗುಡ್ಡದಾಚೆ ಚಿಕ್ಕಮರೀಗೌಡರ ಮನೆಯಲ್ಲಿ ಬೀಗರ ಔತಣ. ಬಾಡಿನ ಸಾರು, ರಾಗಿಹಿಟ್ಟಿನ ಮೂಟೆ, ನೀರಿನ ಕ್ಯಾನು ಎಲ್ಲ ಕಾರಿಗೇರಿಸಿ, ಹಿಂದಿನ ಸೀಟಲ್ಲಿ ಸಾರಿನ ದಬರಿ ತಬ್ಬಿ ಕೂತಳು.

"ಹೊತ್ತಾಯ್ತು ಕಣ್ಲಾ. ದಾರೀಲಿ ಎಲ್ಲೂ ನಿಲ್ಸ್‌ಬ್ಯಾಡ!"

"ಆಯ್ತು ಕಣವ್ವ."

ಏರು ಹತ್ತುವಾಗ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ನಿಲ್ಲಿಸಲಿಲ್ಲ. ಬಾನೆಟ್ಟಿಂದ ಆವಿ ಎದ್ದಿತು. ನಿಲ್ಲಿಸಲಿಲ್ಲ. ಸುಟ್ಟ ವಾಸನೆ ಬಂತು. ನಿಲ್ಲಿಸಲಿಲ್ಲ. ಕೊನೆಗೆ ಕಾರೇ ಕೆಮ್ಮಿ ಕೆಮ್ಮಿ ತಾನಾಗಿ ನಿಂತಿತು.

"ಅಯ್ಯೋ ಮುಠ್ಠಾಳ! ಆವಿ ಬಂದ್ರೆ ನಿಲ್ಸಬಾರ್ದೇನ್ಲಾ?"

"ನಿಲ್ಸ್‌ಬ್ಯಾಡ ಅಂದಿದ್ದು ನೀನೇ ಅಲ್ವವ್ವ!"

ಪುಟ್ಟಲಿಂಗಮ್ಮ ದಬರಿ ಬದಿಗಿಟ್ಟು ಕೆಳಗಿಳಿದಳು. ಮೆಕ್ಯಾನಿಕ್ ಅಮ್ಜದ್‌ಗೆ ಫೋನ್ ಮಾಡಿದಳು.

"ಪೂರ್ತಿ ತಣ್ಣಗಾಗೋವರ್ಗೂ ಮುಟ್ಬೇಡಿ ಅಮ್ಮಾ. ಆಮೇಲೆ ಎಂಜಿನ್ ಎಣ್ಣೆ ಅಳೆಯೋ ಕಡ್ಡಿ ಎಳೆದು ನೋಡಿ. ಎಣ್ಣೆ ಹಾಲು ಬೆರೆಸಿದ ಟೀ ಥರ ಇದ್ರೆ ಎಂಜಿನ್ ಹೋಯ್ತು ಅಂತ. ಚೆನ್ನಾಗಿದ್ರೆ ರೇಡಿಯೇಟರಿಗೆ ನೀರು ತುಂಬಿ, ಮುಚ್ಚಳ ತೆಗೆದಿಟ್ಟೇ ಚಾಲೂ ಮಾಡಿ. ಒಂದೇ ಸಮ ಗುಳ್ಳೆ ಎದ್ರೆ ತಕ್ಷಣ ಆರಿಸ್ಬಿಡಿ. ಏಳ್ಲಿಲ್ಲಾಂದ್ರೆ ಎಂಜಿನ್ ಉಳೀತು!"

"ಕೇಳಿಸ್ಕಂಡ್ಯಾ ಬೆಟ್ಟ? ಗುಳ್ಳೆ ಎದ್ರೆ ಆರಿಸು!"

"ಆಯ್ತು ಕಣವ್ವ."

ಕಾರು ಇನ್ನೂ ಕಾದೇ ಇತ್ತು, ಅಷ್ಟರಲ್ಲಿ ಗೌಡರ ಫೋನು. ಕಾರು ಕೆಟ್ಟು ನಿಂತದ್ದನ್ನು ಹೇಳಿದಳು. "ನೆಂಟ್ರು ಎಲೆ ಮುಂದೆ ಕೂರೋ ಹೊತ್ತು! ಟ್ರ್ಯಾಕ್ಟ್ರು ಕಳಿಸ್ತೀನಿ, ಮುದ್ದೆ ಅಲ್ಲೇ ತಿರುವಿ ಇಟ್ಟಿರಮ್ಮ!"

ರಸ್ತೆ ಬದಿ ಮೂರು ಕಲ್ಲು ಹೂಡಿ ಎಸರಿಟ್ಟಳು. ಮಗನನ್ನು ಒಲೆ ಮುಂದೆ ಕೂರಿಸಿ ಸೌದೆ ಆಯಲು ಹೋದಳು. ಎಸರಿನಲ್ಲಿ ಗುಳ್ಳೆ ಎದ್ದಿತು. ಬೆಟ್ಟಸ್ವಾಮಿ ಒಂದು ಚೊಂಬು ನೀರು ಸುರಿದು ಒಲೆ ಆರಿಸಿಬಿಟ್ಟ!

"ಥೂ, ನಿನ್ ಬುದ್ಧಿಗಿಷ್ಟು ಬೆಂಕಿ ಹಾಕ! ಗುಳ್ಳೆ ಎದ್ರೆ ಆರಿಸ್ತಾರೇನ್ಲಾ? ಚೆನ್ನಾಗಿ ಕುದೀಲಿ ಅಂತ ಬಿಡ್ಬೇಕು. ತಕತಕ ಕುದಿ ಬಂದಾಗ ಹಿಟ್ಟು ಸುರಿದು ಗಂಟಿಲ್ದಂಗೆ ತಿರುವ್ಬೇಕು!"

"ಆಯ್ತು ಕಣವ್ವ."

ಕಾರು ತಣ್ಣಗಾಯಿತು. ಅವಳೇ ಕಡ್ಡಿ ಎಳೆದಳು. ಎಣ್ಣೆ ಕಪ್ಪಗಿತ್ತು, ಹಾಲಿನ ಸುಳಿವಿಲ್ಲ. ಅರ್ಧ ಜೀವ ಬಂತು. ನೀರು ತುಂಬಿ ಚಾಲೂ ಮಾಡಿಸಿದಳು. ಇನ್ನು ಉಳಿದದ್ದು ಗುಳ್ಳೆಯೊಂದು, ಅದನ್ನು ನೋಡುವ ಧೈರ್ಯ ಅವಳಿಗಿಲ್ಲ.

"ನೀನೇ ನೋಡ್ಲಾ. ನಾನು ಒಲೆ ಹಚ್ತೀನಿ."

ಬೆನ್ನು ತಿರುಗಿಸಿ ಒಲೆ ಊದುತ್ತಾ ಕಿವಿಯನ್ನೆಲ್ಲ ಕಾರಿನ ಕಡೆಗಿಟ್ಟಳು. ಎಂಜಿನ್ ಗುರುಗುಟ್ಟುತ್ತಿದೆ. ಈಗ ಆರಿಸುತ್ತಾನೆ... ಆರಿಸಲಿಲ್ಲ. ಈಗ... ಇಲ್ಲ, ಆರಿಸಲಿಲ್ಲ! ಎಸರು ಕುದಿ ಬರುವ ತನಕವೂ ಆರಿಸಲಿಲ್ಲ! ಅಂದರೆ ಗುಳ್ಳೆ ಎದ್ದಿಲ್ಲ! ಎಂಜಿನ್ ಉಳಿಯಿತು! ಪುಟ್ಟಲಿಂಗಮ್ಮ ಕಣ್ಣೊರೆಸಿಕೊಂಡು ಕೂತಲ್ಲಿಂದಲೇ ಮನೆದೇವರು ಮಾದಪ್ಪನಿಗೆ ಕೈಮುಗಿದಳು. ಆಮೇಲೆ ಬೆನ್ನ ಹಿಂದೆ ಇಳಿಸಿಟ್ಟಿದ್ದ ಹಿಟ್ಟಿಗೆ ಕೈ ಚಾಚಿದಳು. ಮೂಟೆ ಇರಲಿಲ್ಲ.

ತಿರುಗಿ ನೋಡಿದರೆ ಬೆಟ್ಟಸ್ವಾಮಿ ಬಂಪರ್ ಮೇಲೆ ಕಾಲೂರಿ, ಮೈಯೆಲ್ಲ ಹಿಟ್ಟು ಮಾಡಿಕೊಂಡು, ರೇಡಿಯೇಟರಿನ ಬಾಯಿಗೆ ಎಣ್ಣೆ ಕಡ್ಡಿ ತೂರಿಸಿ ತಿರುವುತ್ತಿದ್ದಾನೆ! ಕಾರು ಕೊನೇ ಸಲ ಕೆಮ್ಮಿ ಸುಮ್ಮನಾಯಿತು. ಎಂಜಿನ್ ಮೊದಲೇ ಹೋಗಿತ್ತೋ, ಈಗ ಹೋಯಿತೋ, ಅಮ್ಜದ್ ಅಲ್ಲ, ಅವನ ಗುರು ಬಂದರೂ ಹೇಳಲಾರ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಬೆಟ್ಟಸ್ವಾಮಿಯೇ ಓಡಿ ಬಂದು ಎತ್ತಿದ.

"ಮುದ್ದೆ ಆಯ್ತೇನಮ್ಮಾ?" ಗೌಡರ ದನಿ.

"ಆಯ್ತು ಗೌಡ್ರೇ! ಒಂದು ಗಂಟಿಲ್ಲ! ಆದ್ರೆ ಕಾರೊಳಗಿಂದ ಅದನ್ನ ಈಚೆಗೆ ತೆಗೆಯೋದು ಹೆಂಗೆ ಅಂತ ಅವ್ವ ಇನ್ನೂ ಹೇಳ್ಕೊಟ್ಟಿಲ್ಲ!"