ಕೈ ಎತ್ತದ ಕೀತಪ್ಪ

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿದ್ದ ಸಂಗಯ್ಯಜ್ಜನವರನ್ನು ಶಾಂತಮೂರ್ತಿ ಎಂದು ಕರೆದರೆ ಸುಳ್ಳು ಹೇಳಿದ ಪಾಪ ನನಗೇ ತಟ್ಟೀತು. ಅವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅದರಲ್ಲೂ ಸೋಮವಾರ ಬಂತೆಂದರೆ ಕೇಳುವುದೇ ಬೇಡ.

ಯಾಕೆಂದರೆ ಸೋಮವಾರ ಕೀತಪ್ಪ ಕಾವಿ ಕೇಳಲು ಬರುತ್ತಿದ್ದ.

ಕೀತಪ್ಪನ ನಿಜವಾದ ಹೆಸರು ಕೀತ್. ದೇಶ ಇಂಗ್ಲೆಂಡ್. ಫುಟ್‌ಬಾಲ್ ಆಡಿಯೇ ಹೊಟ್ಟೆ ಹೊರೆದುಕೊಂಡವನು. ಮೊಣಕಾಲು ಸೋತ ಮೇಲೆ ಧಾರವಾಡದ ಶಾಲೆಯೊಂದಕ್ಕೆ ಆಟ ಕಲಿಸಲು ಬಂದ. ಹುಡುಗರಿಂದ ಭಾಷೆ ಕಲಿತ. ಆಮೇಲೆ ಹೊಳೆಯ ಆಚೆ ದಂಡೆಯ ಊರಿನಲ್ಲಿ ಒಂದಷ್ಟು ಕಾಲ ಇದ್ದು, ಕಡೆಗೆ ಹೊಳೆ ದಾಟಿ ಮಠಕ್ಕೆ ಬಂದು ಕೂತ. ಮಠದ ಜನ ಅವನ ಹೆಸರಿಗೊಂದು ಅಪ್ಪ ಸೇರಿಸಿ ತಮ್ಮವನನ್ನಾಗಿ ಮಾಡಿಕೊಂಡರು.

"ಅಜ್ಜಾರ, ಕಾವಿ ಕೊಡ್ರಿ."

"ಯಾಕ?"

"ಎಲ್ಲಾ ಬಿಡಬೇಕಂತ ಮಾಡೀನ್ರಿ."

"ಬಿಡಾಕ ನಿನ್ನ ಕಡೆ ಏನೈತಿ?"

ಕೀತಪ್ಪ ಯೋಚಿಸುತ್ತಿದ್ದ. "ಮುಂದಿನ ಸೋಮವಾರ ಹೇಳತೀನ್ರಿ," ಎನ್ನುತ್ತಿದ್ದ. ಮುಂದಿನ ಸೋಮವಾರ ಬಂದು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ.

ಅಜ್ಜನವರಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಒಮ್ಮೆ ಅವನ ಬಾಯಿ ಮುಚ್ಚಿಸಲೆಂದೇ ಮೌನ ಹಿಡಿ ಎಂದರು. ಹಿಡಿದ. ಮೌನ ಮುಗಿದ ದಿನ ಬಂದು, ಎಷ್ಟು ಚೆನ್ನಾಗಿ ಮೌನವಾಗಿದ್ದೆ ಎಂಬುದನ್ನು ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದವರೆಗೆ ವರ್ಣಿಸಿದ. ಅಜ್ಜನವರು ಊಟ ಬಿಟ್ಟೆದ್ದು ಹೋಗಿ ಹೊಳೆಯಲ್ಲಿ ಮುಳುಗಿ ಬಂದರು.

ಒಂದು ಮುಂಜಾನೆ ಮಠದ ಎಮ್ಮೆ ಈಯಿತು. ಕಷ್ಟದ ಹೆರಿಗೆ. ಕರು ತಡವರಿಸುತ್ತ ಎದ್ದು ನಿಂತಾಗ ಅಜ್ಜನವರು ಚಪ್ಪಾಳೆ ತಟ್ಟಿ ನಕ್ಕರು. ಸುತ್ತ ಇದ್ದವರಿಗೆಲ್ಲ ಬೆಲ್ಲ ಹಂಚಿದರು.

ಕೀತಪ್ಪ ಬೆಲ್ಲವನ್ನು ಅಂಗೈಯಲ್ಲೇ ಹಿಡಿದುಕೊಂಡು ನಿಂತಿದ್ದ. ಅವನ ಮುಖ ಸಪ್ಪಗಿತ್ತು.

"ಏನಾತೋ?"

"ಅಜ್ಜಾರ, ನೀವು ಖುಷಿ ಪಟ್ರಿ."

"ಪಟ್ಟೆ. ಎಮ್ಮಿ ಈದೈತಿ."

"ಗುರುಗಳಾದವರು ಸುಖಕ್ಕ ಹಿಗ್ಗಬಾರದು ಅಂತ ತಿಳಿದಿದ್ದೆರಿ. ನಾ ಹಿಗ್ಗೂದಿಲ್ಲ. ಆಡೂ ಕಾಲಕ್ಕ ಬಿಟ್ಟುಬಿಟ್ಟೀನಿ."

ಅಜ್ಜನವರಿಗೆ ರೇಗಿತು. ಆದರೂ ಕಲ್ಲಿನ ಮೇಲೆ ಕೂತರು. "ಅದೇನೈತಿ ಹೇಳಿ ಮುಗಸು. ಹೊಟ್ಟ್ಯಾಗ ಇಟ್ಕೊಂಡು ನನ್ನ ಜೀವಾ ತಿನಬ್ಯಾಡ," ಎಂದರು.

ಕೀತಪ್ಪ ಹೇಳಿದ. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಒಂದು ಏಣಿಯಂತೆ. ಮೇಲಿನ ಮೆಟ್ಟಿಲಲ್ಲಿ ಜಗತ್ತೇ ಟಿವಿಯಲ್ಲಿ ನೋಡುವ ಆಟಗಾರರು. ಕೆಳಗಿನ ಮೆಟ್ಟಿಲುಗಳಲ್ಲಿ ಸಣ್ಣ ಊರುಗಳ ತಂಡಗಳು, ಸೋರುವ ಛಾವಣಿ, ಕೆಸರಿನ ಮೈದಾನ. ಇವನು ಆಡಿದ್ದೆಲ್ಲ ಅಲ್ಲಿ. ಮುಂದೆ ನಿಂತು ಗೋಲು ಹೊಡೆಯುವ ಕೆಲಸ. ಬಂದರಿನ ಊರಿನ ತಂಡ, ಕಲ್ಲಿದ್ದಲ ಊರಿನ ತಂಡ, ಬೂಟು ಹೊಲಿಯುವವರ ಊರಿನ ತಂಡ. ವರ್ಷಕ್ಕೊಂದು ಊರು, ವರ್ಷಕ್ಕೊಂದು ಬಣ್ಣದ ಅಂಗಿ.

"ಮ್ಯಾಲ ಏರಲೇ ಇಲ್ಲೇನು?"

"ಒಮ್ಮೆ ನಮ್ಮ ತಂಡ ಏರಿತ್ರಿ. ನನ್ನನ್ನ ಮಾತ್ರ ಕೆಳಗಿನ ತಂಡಕ್ಕ ಎರವಲು ಕೊಟ್ರು."

"ಮನಶ್ಯಾನ್ನ? ಎರವಲು?"

"ಹೂಂರಿ. ಅಲ್ಲಿ ಹಂಗ ಕೊಡತಾರ."

"ನಾವು ಗುದ್ದಲಿ ಕೊಡತೀವಿ. ಅದೂ ತಿರುಗಿ ಬರೂದಿಲ್ಲ," ಎಂದರು ಅಜ್ಜನವರು. "ಮುಂದ ಹೇಳು."

"ಅಲ್ಲಿ ಇನ್ನೊಂದು ರೂಢಿ ಐತ್ರಿ. ಮೊದಲು ಆಡಿದ ತಂಡದ ಮ್ಯಾಲ ಗೋಲ್ ಹೊಡದ್ರ ಕೈ ಎತ್ತಬಾರದು, ಕುಣೀಬಾರದು. ಅವರ ಉಪ್ಪು ತಿಂದಿರತೀವಲ್ಲ. ನಾ ಎಷ್ಟ್ ತಂಡಕ್ಕ ಆಡಿದ್ದೆ ಅಂದ್ರ, ಕಡೀಕ ಯಾರ ಮ್ಯಾಲ ಹೊಡದರೂ ಅದು ಹಳೇ ತಂಡಾನ ಆಗಿರತಿತ್ತು. ಹಿಂಗಾಗಿ ಕೈ ಎತ್ತೂದನ್ನ ಬಿಟ್ಟುಬಿಟ್ಟೆರಿ."

ಇದನ್ನು ಹೇಳುವಾಗ ಅವನ ಎದೆ ಸ್ವಲ್ಪ ಮುಂದೆ ಬಂದಿತ್ತು. ಅಜ್ಜನವರು ಅದನ್ನು ನೋಡಿದರು. ದಾನ ಕೊಟ್ಟು ಕಲ್ಲಿನ ಮೇಲೆ ಹೆಸರು ಕೊರೆಸುವವರ ಎದೆಯೂ ಹೀಗೇ ಮುಂದೆ ಬರುವುದನ್ನು ಅವರು ಬೇಕಾದಷ್ಟು ಸಲ ಕಂಡಿದ್ದರು.

"ಕಡೇ ಮ್ಯಾಚು ಹೇಳತೀನ್ರಿ. ಗೋಲ್ ಆಗಲಿಲ್ಲಂದ್ರ ನಮ್ಮ ತಂಡ ಇನ್ನೂ ಕೆಳಗ ಬೀಳತಿತ್ತು. ಎದುರಿಗೆ ನಾ ಹುಡುಗ ಇದ್ದಾಗ ಆಡಿದ ತಂಡ. ಹೊಡದೆ. ನಮ್ಮ ಮಂದಿ ಅಳಾಕತ್ತಿದ್ರು, ಅಷ್ಟ್ ಖುಷಿ ಅವರಿಗೆ. ನಾ ತಲಿ ಕೆಳಗ ಹಾಕ್ಕೊಂಡು ಸುಮ್ನ ನಡಕೋತ ಹೋದೆರಿ. ಅಲ್ಲಿಗೆ ನನ್ನ ಆಟಾನೂ ಮುಗೀತು."

"ಚೆಂಡು ಯಾರು ಕೊಟ್ರು?"

"ಅಂದ್ರ?"

"ಚೆಂಡು ತಾನಾಗೇ ಉರುಳಿಕೋತ ಬಂದು ನಿನ್ನ ಕಾಲಿಗೆ ನಮಸ್ಕಾರ ಮಾಡ್ತೇನು? ಯಾರರ ಕೊಟ್ಟಿರಬೇಕಲ್ಲ."

"ಎಡಗಡೆ ಒಬ್ಬ ಇದ್ದರಿ. ಹೊಸಾವ. ಅವನ ಹೆಸರು..."

ಹೆಸರು ನೆನಪಾಗಲಿಲ್ಲ. ತಂಡಗಳ ಹೆಸರು ನೆನಪಿತ್ತು, ಮೈದಾನಗಳ ಹೆಸರು ನೆನಪಿತ್ತು, ಹೊಡೆದ ಗೋಲುಗಳೆಲ್ಲ ನೆನಪಿದ್ದವು.

"ಅಂವ ಅಪ್ಪಿಕೊಳ್ಳಾಕ ಓಡಿ ಬಂದ. ನಾ ಅಂಗೈ ಅಡ್ಡ ಹಿಡದೆರಿ, ಹಿಂಗ." ಕೀತಪ್ಪ ಅಂಗೈ ಚಾಚಿ ತೋರಿಸಿದ. ಅದರಲ್ಲಿ ಬೆಲ್ಲ ಕರಗಿ ಅಂಟಿಕೊಂಡಿತ್ತು.

ಅಜ್ಜನವರು ಆ ಅಂಗೈಯನ್ನೇ ನೋಡಿದರು. ಏನೋ ಹೇಳಬೇಕೆಂದು ಬಾಯಿ ತೆರೆದರು. ಈ ಪುಣ್ಯಾತ್ಮನಿಗೆ ಹೇಳಿ ಪ್ರಯೋಜನವಿಲ್ಲ, ಹೇಳಿದ್ದನ್ನೂ ಒಂದು ಸಾಧನೆ ಮಾಡಿಕೊಂಡು ಬರುತ್ತಾನೆ ಎಂದು ಮುಚ್ಚಿದರು.

"ಕೈ ತೊಳಕೋ, ಹೋಗು," ಎಂದರು.

ಬೇಸಿಗೆ ಬಂತು. ಹೊಳೆ ಬತ್ತಿ ನಡುವೆ ಮರಳು ಬಿಟ್ಟಿತು. ಆ ಮರಳಿನ ಮೇಲೆ ಪ್ರತಿವರ್ಷ ಮಠದವರಿಗೂ ಆಚೆ ದಂಡೆಯವರಿಗೂ ಫುಟ್‌ಬಾಲ್ ನಡೆಯುವುದು ಪದ್ಧತಿ. ಪ್ರತಿವರ್ಷ ಮಠದವರು ಸೋಲುವುದೂ ಪದ್ಧತಿಯೇ.

ಸೋತಾಗ ಹೆಚ್ಚು ನೊಂದುಕೊಳ್ಳುತ್ತಿದ್ದವನು ಮಠದ ಅಡಿಗೆಯ ಯಮನಪ್ಪ. ಕಾಯಿಪಲ್ಲೆ ತರಲು ಅವನು ಆಚೆ ದಂಡೆಯ ಸಂತೆಗೇ ಹೋಗಬೇಕು. ಹೋದಾಗಲೆಲ್ಲ ಅಲ್ಲಿಯವರು, "ಏನ್ ಯಮನಪ್ಪಣ್ಣ, ಬದನೀಕಾಯಿ ಬೇಕೋ, ಗೋಲ್ ಬೇಕೋ?" ಎಂದು ಕಾಡುತ್ತಿದ್ದರು. ಈ ಸಲ ಕೀತಪ್ಪ ತಮ್ಮ ಕಡೆ ಆಡುತ್ತಾನೆಂದು ಯಮನಪ್ಪನಿಗೆ ಧೈರ್ಯ. ಗೆದ್ದರೆ ರಾತ್ರಿ ಎಲ್ಲರಿಗೂ ಹೋಳಿಗೆ ಎಂದು ಸಾರಿದ. ಬೆಳಿಗ್ಗೆಯೇ ಕಡಲೆಬೇಳೆ ನೆನೆಹಾಕಿದ.

ಅಜ್ಜನವರು ದಂಡೆಯ ಮೇಲೆ ಕಂಬಳಿ ಹಾಸಿಕೊಂಡು ನೋಡುತ್ತ ಕೂತರು.

ಹೊತ್ತು ಇಳಿಯುವವರೆಗೂ ಯಾರೂ ಗೋಲು ಹೊಡೆಯಲಿಲ್ಲ. ಕೀತಪ್ಪನಿಗೆ ಓಡಲು ಮೊಣಕಾಲಿಲ್ಲ. ಎದುರಾಳಿಗಳ ಗೋಲಿನ ಹತ್ತಿರ ಸುಮ್ಮನೆ ನಿಂತಿದ್ದ. ಆಗ, ತಾನೂ ಆಡಲು ಇಳಿದಿದ್ದ ಯಮನಪ್ಪನಿಗೆ ತಮ್ಮ ಗೋಲಿನ ಬಾಯಲ್ಲೇ ಚೆಂಡು ಸಿಕ್ಕಿತು. ಧೋತರದ ಕಚ್ಚೆ ಬಿಗಿದು ಓಡಿದ. ಒಬ್ಬನನ್ನು ದಾಟಿದ. ಬಿದ್ದ. ಎದ್ದ. ಬಾಯಲ್ಲಿ ಮರಳು ತುಂಬಿಕೊಂಡೇ ಇನ್ನೊಬ್ಬನನ್ನು ದಾಟಿದ. ಉಸಿರು ಸಾಲದೆ ನಿಲ್ಲುವ ಹೊತ್ತಿಗೆ ಚೆಂಡನ್ನು ಕೀತಪ್ಪನ ಕಾಲಿಗೆ ದೂಡಿದ.

ಕೀತಪ್ಪ ಹೊಡೆದ. ಗೋಲು.

ಮಠದವರು ಗೆದ್ದೆವೆಂದು ಎದ್ದು ಕುಣಿದರು. ಅಜ್ಜನವರು ಹೆಗಲ ಮೇಲಿನ ವಸ್ತ್ರ ತೆಗೆದು ಮೇಲಕ್ಕೆ ಎಸೆದರು. ಅದು ಜಾಲಿಗಿಡದ ಮೇಲೆ ಬಿತ್ತು. ಬಿದ್ದದ್ದೇ ಅವರಿಗೆ ತಿಳಿಯಲಿಲ್ಲ.

ಕೀತಪ್ಪ ಕೈ ಎತ್ತಲಿಲ್ಲ. ಆಚೆ ದಂಡೆಯವರ ಕಡೆ ತಿರುಗಿ, ತಲೆ ತಗ್ಗಿಸಿ, ಕೈ ಮುಗಿದು ನಿಂತ. ಅವರ ಊರಿನಲ್ಲಿ ಉಂಡವನಲ್ಲವೇ.

ಯಮನಪ್ಪ ಎರಡೂ ತೋಳು ಅಗಲಿಸಿಕೊಂಡು ಓಡಿ ಬಂದ.

ಕೀತಪ್ಪ ಅಂಗೈ ಅಡ್ಡ ಹಿಡಿದ.

ಯಮನಪ್ಪ ನಿಂತುಬಿಟ್ಟ. ತೋಳುಗಳು ಒಂದು ಗಳಿಗೆ ಹಾಗೇ ಇದ್ದವು. ಆಮೇಲೆ, ಕೈ ಒರೆಸಿಕೊಳ್ಳಲೆಂದೇ ಬಂದವನಂತೆ ಧೋತರಕ್ಕೆ ಕೈ ಒರೆಸಿಕೊಂಡು ಹಿಂದಕ್ಕೆ ನಡೆದ.

ಆಚೆ ದಂಡೆಯ ಗೋಲು ಕಾಯುತ್ತಿದ್ದವನು ದೋಣಿಯ ಫಕೀರಪ್ಪ. ಚೆಂಡು ಎತ್ತಿಕೊಳ್ಳುತ್ತ, "ಯಾಕ ಕೀತಪ್ಪ, ನಾವೇನ್ ಸತ್ತೀವೇನು, ಹಿಂಗ ತಲಿ ತಗ್ಗಿಸಿ ನಿಂತೀ? ಹೊಡದೀ, ನಗು. ಸೋತವರಿಗೂ ಒಂದ್ ಮರ್ಯಾದಿ ಇರತೈತಿ," ಎಂದ.

ಅಜ್ಜನವರು ಇದನ್ನೆಲ್ಲ ದಂಡೆಯಿಂದ ನೋಡಿದರು. ಅಯ್ಯೋ ಶಿವನೇ, ಇವನಿಂದ ನನಗೆ ಬಿಡುಗಡೆ ಯಾವಾಗ ಎಂದುಕೊಂಡು ಜಾಲಿಗಿಡದಿಂದ ವಸ್ತ್ರ ಬಿಡಿಸಿಕೊಂಡರು. ಅದು ಎರಡು ಕಡೆ ಹರಿದಿತ್ತು.

ಅವತ್ತು ಸೋಮವಾರವಲ್ಲ. ಆದರೂ ದೀಪ ಹಚ್ಚುವ ಹೊತ್ತಿಗೆ ಕೀತಪ್ಪ ಬಂದ. ಮಿಂದು, ವಿಭೂತಿ ಹಚ್ಚಿಕೊಂಡಿದ್ದ.

"ನೋಡಿದ್ರಲ್ರಿ ಅಜ್ಜಾರ. ಎಲ್ಲಾರೂ ಕುಣದ್ರು. ನೀವೂ ಕುಣದ್ರಿ. ನಾ ಒಬ್ಬಾವ ಕುಣೀಲಿಲ್ಲ. ಈಗರ ಕಾವಿ ಕೊಡ್ರಿ."

ಅಜ್ಜನವರು ಬಯ್ಯಲಿಲ್ಲ. ಎದ್ದು ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಹೊಸ ಕಾವಿಬಟ್ಟೆ ಇತ್ತು. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು.

ಕೀತಪ್ಪನ ಕಣ್ಣು ತುಂಬಿತು. ಎಷ್ಟು ಊರು ಅಲೆದರೂ ಇದು ನಿನ್ನದು ಎಂದು ಯಾರೂ ಅವನಿಗೆ ಒಂದು ಬಟ್ಟೆ ಕೊಟ್ಟಿರಲಿಲ್ಲ. ಕೊಟ್ಟ ಅಂಗಿಯನ್ನೆಲ್ಲ ವರ್ಷ ಮುಗಿದಾಗ ಬಿಚ್ಚಿಸಿಕೊಂಡಿದ್ದರು. ಅಜ್ಜನವರಿಗೆ ಅದು ಗೊತ್ತಿತ್ತು. ಗೊತ್ತಿದ್ದರಿಂದಲೇ ಇಷ್ಟು ದಿನ ಇವನನ್ನು ಹೊರಗೆ ಅಟ್ಟಿರಲಿಲ್ಲ.

"ಕಡೇ ಸಲ ಕೇಳತೀನಿ. ಏನ್ ಬಿಡತೀ?"

"ಸಂತೋಷ ಬಿಡತೀನ್ರಿ."

"ಯಾವ ಸಂತೋಷ?"

"ಇವತ್ತಿಂದು. ಅವತ್ತಿಂದು. ಎಲ್ಲಾ."

"ಹಂಗಾರ ಮೊದಲು ಅಡಿಗಿಮನಿಗೆ ಹೋಗಿ ಯಮನಪ್ಪನ ಮಾರಿ ನೋಡಿ ಬಾ."

ಕೀತಪ್ಪ ಹೋದ. ಬೇಗನೇ ಬಂದ. ಕೂರಲಿಲ್ಲ.

"ಏನ್ ಮಾಡಾಕತ್ತಾನ?"

"ರೊಟ್ಟಿ ಬಡ್ಯಾಕತ್ತಾನ್ರಿ."

"ಹೋಳಿಗಿ?"

"ಬ್ಯಾಳಿ ಇನ್ನೂ ನೀರಾಗ ಐತ್ರಿ."

"ಯಾಕ ಅಂತ ಕೇಳಿದ್ಯಾ?"

"ಕೇಳಿದೆರಿ. ನನ್ನ ಮಾರಿ ನೋಡಲಿಲ್ಲ. 'ಗೆದ್ದಾವ ನೀ, ನನಗೇನ್ ಕೇಳತೀ' ಅಂದ."

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಹಾಡಿಲ್ಲದೆ ರೊಟ್ಟಿ ಬಡಿಯುವವನೇ ಅಲ್ಲ ಯಮನಪ್ಪ. ಅವತ್ತು ಬರೀ ಸದ್ದು ಇತ್ತು.

ಕೀತಪ್ಪ ತನ್ನ ಅಂಗೈ ನೋಡಿಕೊಂಡ. ತಿರುಗಿಸಿ ಹಿಂಗೈ ನೋಡಿದ. ಮತ್ತೆ ಅಂಗೈ ನೋಡಿದ.

"ಡೆನಿಸ್," ಎಂದ.

"ಯಾರು?"

"ಎಡಗಡೆ ಇದ್ದಾವರಿ. ಚೆಂಡು ಕೊಟ್ಟಾವ. ಅವನ ಹೆಸರು ಡೆನಿಸ್."

ಅಜ್ಜನವರು ಕಾವಿಬಟ್ಟೆಯನ್ನು ನಿಧಾನಕ್ಕೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು.

"ಮಂದಿ ಸಂತೋಷಾನ ಬಿಡಾಕ ನೀ ಯಾರೋ ತಮ್ಮಾ? ಹೋಗು, ಬ್ಯಾಳಿ ಒಲಿ ಮ್ಯಾಲ ಇಡು."