ಒಣಗಂಟಲ ಬೂತಕ್ಕೆ ಜವೆಗೋಧಿ ನೊರೆ

ಒಂದಾನೊಂದು ಕಾಲದಲ್ಲಿ, ಉಪ್ಪು ತರೋಕೆ ಜನ ಗುಡ್ಡ ಹತ್ತಿ ಇಳೀತಿದ್ದ ಕಾಲದಲ್ಲಿ, ದ್ಯಾವಾಜಿ ಅಂತ ಒಬ್ಬಳು ಇದ್ದಳಂತೆ. ಅವಳೂ ಅವಳ ಗಂಡ ಬೋರೇಗನೂ ಕಾಳಿನ ವ್ಯಾಪಾರದವರು. ಎತ್ತಿನ ಮೇಲೆ ಮೂಟೆ ಹೇರಿಕೊಂಡು ಕಣಿವೆ ದಾಟೋದು, ಆ ಕಡೆ ಕಾಳು ಕೊಟ್ಟು ಉಪ್ಪು ತರೋದು. ದ್ಯಾವಾಜಿ ಒಂದು ಕಾಳು ಹಲ್ಲಲ್ಲಿ ಕಟುಂ ಅನ್ನಿಸಿದರೆ ಸಾಕು, ಇದು ಎರೆ ಹೊಲದ್ದೋ ಕೆಮ್ಮಣ್ಣಿಂದೋ, ಹೊಸದೋ ಹಳೇದೋ ಹೇಳಿಬಿಡ್ತಿದ್ದಳಂತೆ. ಅವಳ ಮುಂದೆ ಸುಳ್ಳು ಮಾಲು ನಡೀತಿರಲಿಲ್ಲ.

ಆ ಕಣಿವೇಲಿ ಒಂದು ಬೂತ ಇತ್ತು ಮಗಾ, ಒಣಗಂಟಲ ಬೂತ. ಬದುಕಿದ್ದಾಗ ಅದು ಹೆಂಡ ಮಾರ್ತಿತ್ತಂತೆ. ಹೆಂಡಕ್ಕೆ ನೀರು ಬೆರೆಸಿ ಬೆರೆಸಿ ಮಾರಿದ ತಪ್ಪಿಗೆ, ಸತ್ತ ಮೇಲೆ ಮರದಿಂದ ಇಳಿಸಿದ ಹೆಂಡ ಬಾಯಿಗಿಟ್ಟರೆ ಬರೀ ನೀರಾಗಿಬಿಡ್ತಿತ್ತು, ಬೆಲ್ಲದ್ದೂ ಹಾಗೇ, ಜೇನಿಂದೂ ಹಾಗೇ. ಗಂಟಲು ಒಣಗಿ ಒಣಗಿ, ಅದು ಮಾತಾಡಿದರೆ ಮಡಕೆ ಚೂರು ಬಂಡೆಗೆ ಉಜ್ಜಿದ ಹಾಗೆ ಕೇಳ್ತಿತ್ತಂತೆ.

ಒಂದು ಸಲ ಬೋರೇಗ ಒಬ್ಬನೇ ಎತ್ತು ಹೊಡಕೊಂಡು ಹೋದ. ಬೂತ ಅಡ್ಡ ಬಂತು, ಹಿಡೀತು, ಕಾಲೊತ್ತೋಕೆ ಕೂರಿಸಿಕೊಳ್ತು. ಎತ್ತುಗಳು ಮಾತ್ರ ಮನೆಗೆ ಬಂದವು. ದ್ಯಾವಾಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಣಿವೆಗೆ ಹೋದಳು. ಅತ್ತರೆ ಬೂತ ಏನು ಬಿಟ್ಟೀತೇ, ವ್ಯಾಪಾರಕ್ಕೆ ಕೂತಳು. ನನ್ನ ಗಂಡನ್ನ ಬಿಡೋಕೆ ಏನಪ್ಪಾ ಬೇಕು ನಿನಗೆ ಅಂದಳು. ಬರೀ ಕಾಳಿಂದ ಮಾಡಿದ ನೊರೆನೀರು ಬೇಕು ಅಂತು ಬೂತ. ಮರ ಮುಟ್ಟಿರಬಾರದು, ಬೆಲ್ಲ ಮುಟ್ಟಿರಬಾರದು, ಜೇನು ಮುಟ್ಟಿರಬಾರದು, ಕುಡಿದರೆ ಮೀಸೆ ಮೇಲೆ ನೊರೆ ನಿಲ್ಲಬೇಕು, ತಲೆ ಒಂಚೂರು ತೂಗಬೇಕು. ಮೂರು ಗಡಿಗೆ ತರೋಕೆ ಬಿಡ್ತೀನಿ, ಮೂರನೇದೂ ಕೆಟ್ಟರೆ ಇವನು ಕಡೇತನಕ ನನ್ನವನು. ಬೋರೇಗ ಅಲ್ಲಿಂದಲೇ, ದ್ಯಾವೀ ಬೇಗ ಮಾಡೇ, ಇವನ ಹಿಮ್ಮಡಿ ಹಲಸಿನ ಸಿಪ್ಪೆ ಇದ್ದಂಗೈತೆ ಅಂತ ಕೂಗಿದನಂತೆ. ಸುಮ್ಕಿರಿ, ವ್ಯಾಪಾರ ನಡೀತಾ ಐತೆ ಅಂದಳಂತೆ ಇವಳು.

ಕಾಳಲ್ಲಿ ನೊರೆ ಎಲ್ಲಿರುತ್ತೆ ಅಜ್ಜಿ ಅಂತೀಯಾ? ಅವಳಿಗೂ ಅದೇ ತಲೆ ತಿಂತಿತ್ತು.

ಮೊದಲು ಏನು ಮಾಡಿದಳು, ಮನೇಲಿದ್ದ ಜವೆಗೋಧೀಲಿ ದಪ್ಪ ಕಾಳು ಆರಿಸಿ, ನುಣ್ಣಗೆ ಬೀಸಿ, ಕುದಿಸಿ, ಬಾಯಿ ಕಟ್ಟಿ ಇಟ್ಟು, ಆಮೇಲೆ ಹೊತ್ತುಕೊಂಡು ಹೋದಳು. ಬೂತ ಬಾಯಿಗೆ ಸುರಕೊಂಡು ಥೂ ಅಂತು. ಗಂಜಿ! ನನಗೇನು ಜ್ವರ ಬಂದೈತೇನೇ?

ಸಪ್ಪೆ ಮೋರೆ ಹಾಕ್ಕೊಂಡು ಮನೆಗೆ ಬಂದರೆ ಅಂಗಳದಲ್ಲಿ ಕೋಳಿಗಳ ಜಗಳ. ಸೂರು ಸೋರಿ ಒಂದು ಮೂಟೆ ನೆನೆದು ಮೊಳಕೆ ಬಂದಿತ್ತು, ಅವಳ ಅತ್ತೆ ಅದನ್ನ ಚೆಲ್ಲಿದ್ದಳು. ಮೊಳಕೆ ಬಂದ ಮಾಲು ಕೆಟ್ಟ ಮಾಲು, ಕಾಳಿನೋರು ಅದನ್ನ ಕಚ್ಚಿ ಕೂಡ ನೋಡೋದಿಲ್ಲ. ಆದರೆ ಪಕ್ಕದಲ್ಲೇ ಒಳ್ಳೇ ಕಾಳು ಹರವಿದ್ದರೂ ಕೋಳಿಗಳು ಅದನ್ನ ಬಿಟ್ಟು ಇದಕ್ಕೇ ಮುಗಿಬೀಳ್ತಿದ್ದವಂತೆ. ಇದೇನಿದು ಅಂತ ದ್ಯಾವಾಜಿ ಒಂದು ಕಾಳು ಎತ್ತಿ ಕಚ್ಚಿದಳು. ಸಿಹಿ! ಎಲಾ, ಇಷ್ಟು ವರ್ಷ ಸಿಹೀನ ಕೋಳಿಗೆ ಚೆಲ್ಲಿ ಸಪ್ಪೇನ ಅಳೆದು ಮಾರಿದೆನಲ್ಲಾ ಅಂದಳಂತೆ.

ಆಮೇಲೆ ಬೇಕಂತಲೇ ಜವೆಗೋಧಿ ನೆನೆಸಿ, ಬಟ್ಟೇಲಿ ಕಟ್ಟಿ, ಮೊಳಕೆ ಬರಿಸಿ, ಬಿಸಿಲಿಗೆ ಒಣಗಿಸಿ, ಹಂಚಿನ ಮೇಲೆ ಘಮ ಬರೋವರೆಗೆ ಬೆಚ್ಚಗೆ ಮಾಡಿದಳು. ಅತ್ತೆ ಕುಳ್ಳಮ್ಮ ನೋಡ್ತಾ ನೋಡ್ತಾ, ಗಂಡನ್ನ ಬೂತ ಹಿಡೀತು, ಇವಳನ್ನ ಇನ್ಯಾವುದು ಹಿಡೀತೋ, ಒಳ್ಳೇ ಕಾಳು ಕೊಳೆಸ್ತಾ ಕೂತವಳೆ ಅಂದಳಂತೆ. ದ್ಯಾವಾಜಿ ಕಿವೀಗೆ ಹಾಕ್ಕೊಳ್ಳಲಿಲ್ಲ. ಕಾಳನ್ನ ತರಿತರಿ ಒಡೆದಳು, ಹೊಟ್ಟು ಹೊಟ್ಟಾಗೇ ಉಳೀಲಿ ಅಂತ. ಒಂದು ಹಿಡಿ ತರಿಗೆ ಕೊತಕೊತ ಕುದಿಯೋ ನೀರು ಹುಯ್ದು ನೋಡಿದಳು, ಅಂಟು ಅಂಟಾಯ್ತು, ಸಿಹಿ ಏಳಲಿಲ್ಲ. ಉಗುರುಬೆಚ್ಚಗಿನ ನೀರು ಹುಯ್ದಳು, ಹಸಿ ಹಸಿಯಾಗೇ ಉಳೀತು. ಬೆರಳು ಅದ್ದಿದರೆ ಉಸ್ ಅಂತ ಹಿಂದಕ್ಕೆ ತಗೋಬೇಕು, ಆದರೆ ಬೊಬ್ಬೆ ಏಳಬಾರದು, ಅಷ್ಟು ಬಿಸಿ ನೀರು ಹುಯ್ದು ಕಂಬಳಿ ಸುತ್ತಿಟ್ಟಳು ನೋಡು, ಒಂದು ಹೊತ್ತು ಬಿಟ್ಟು ಮುಚ್ಚಳ ತೆಗೆದರೆ ನಾಲಿಗೆಗೆ ಪಾನಕ!

ಆಮೇಲೆ ದೊಡ್ಡದಾಗಿ ಹಾಗೇ ಮಾಡಿದಳು. ಸೋಸೋಕೆ ಬಟ್ಟೆ ಹಿಡಿದರೆ ಬಟ್ಟೆ ಕಟ್ಟಿಕೊಳ್ತು. ತಳದಲ್ಲಿ ತೂತಿದ್ದ ಗಡಿಗೇಲಿ ಸುರಿದರೆ ಹೊಟ್ಟು ತಳಕ್ಕೆ ಕೂತು ತಾನೇ ಜರಡಿ ಆಯ್ತಂತೆ. ಮೊದಲು ಇಳಿದ ಬಗ್ಗಡಾನ ಮತ್ತೆ ಮೇಲಿಂದ ಹುಯ್ದಳು, ಆಮೇಲೆ ಇಳಿದದ್ದು ಹೊಂಬಣ್ಣದ ತಿಳಿ. ಅದನ್ನ ಕುದಿಸಿ, ಆರಿಸಿ, ಎರಡನೇ ಗಡಿಗೆ ಹೊತ್ತುಕೊಂಡು ಹೋದಳು.

ಬೂತ ಚಪ್ಪರಿಸಿತು. ಸಿಹಿ ಐತೆ ಅಂತು. ಮೀಸೆ ಮುಟ್ಟಿ ನೋಡ್ತು, ನೊರೆ ಇಲ್ಲ. ತಲೆ ಅಲ್ಲಾಡಿಸಿ ನೋಡ್ತು, ತೂಗಲಿಲ್ಲ. ಇದನ್ನ ಕುಡಿಸಿ ತೊಟ್ಟಿಲಿಗೆ ಹಾಕಿ ತೂಗ್ತೀಯೇನೇ ನನ್ನ ಅಂತ ಗಡಿಗೆ ಎಸೀತು. ಇನ್ನೊಂದೇ ಉಳಿದಿತ್ತು. ಬೋರೇಗ ಹೆಂಡತಿ ಮುಖಾನೇ ನೋಡಿದ.

ದ್ಯಾವಾಜಿ ಮನೆ ಹತ್ತಿರ ಬಂದರೆ ಅತ್ತೆ ಕಿರುಚ್ತಾವಳೆ. ಎಮ್ಮೆ ತೂರಾಡಿಕೊಂಡು ಬಂದು ಅತ್ತೆ ಹೆಗಲಿಗೆ ತಲೆ ಇಟ್ಟು ನಿಂತುಬಿಟ್ಟಿತ್ತಂತೆ! ಏನು ಕುಡೀತೋ ಮುಂಡೇದು ಅಂತ ಬಾನಿ ನೋಡಿದರೆ, ಉಳಿದಿದ್ದ ಸಿಹಿನೀರನ್ನ ಅತ್ತೆ ಎಮ್ಮೆಗೆ ಅಂತ ಅದರಲ್ಲಿ ಹುಯ್ದಿದ್ದಳಂತೆ, ಅದರ ಮೇಲೆ ಬೆಳ್ಳನೆ ನೊರೆ, ಪುಟು ಪುಟು ಸದ್ದು. ಒಳಗೆ ಒಲೆ ಪಕ್ಕ ಗಡಿಗೇಲಿದ್ದ ಅದೇ ನೀರು ತಣ್ಣಗೆ ಕೂತಿತ್ತು. ಬಾನಿಗೆ ಬಿದ್ದದ್ದೇನು, ಗಡಿಗೆಗೆ ಬೀಳದ್ದೇನು? ಬಗ್ಗಿ ನೋಡಿದಳು, ಮೂಸಿದಳು, ಸುತ್ತ ನೋಡಿದಳು. ಬಾನಿ ಪಕ್ಕದಲ್ಲೇ ಮೊಳಕೆ ಕಾಳು ಕೇರಿದ್ದಳು, ಅದರ ಹಸಿ ದೂಳು ಹಾರಿ ಬಾನಿಗೆ ಬಿದ್ದಿತ್ತು. ನೊರೆ ಎಬ್ಬಿಸೋನು ಕಾಳಿನ ಮೈಮೇಲೇ ಕೂತವನೆ, ನಾನು ಅವನನ್ನ ಕುದಿಸಿ ಕುದಿಸಿ ಕೊಂದೆ ಅಂದಳಂತೆ.

ಮತ್ತೆ ಮೊದಲಿನ ಹಾಗೇ ಸಿಹಿನೀರು ಇಳಿಸಿ ಒಲೆ ಮೇಲಿಟ್ಟು, ಬಾನಿ ತಳದ ಗಸಿ ಒಂದು ಚಿಪ್ಪು ತಗೊಂಡು, ಸುಡ್ತಿದ್ದ ಆ ಗಡಿಗೆಗೆ ಹಾಕೋಕೆ ಹೋದಳು. ಅತ್ತೆ ಕೈ ಹಿಡಿದಳು. ಅಯ್ಯೋ ಪೆದ್ದೀ, ಸುಡೋ ಹಾಲಿಗೆ ಯಾರಾದರೂ ಹೆಪ್ಪು ಹಾಕ್ತಾರೇನೇ? ದ್ಯಾವಾಜಿ ಅತ್ತೆ ಮುಖ ನೋಡಿದಳು. ಹೌದಲ್ಲತ್ತೆ ಅಂದಳು. ಸಿಹಿ ಮುರಿಯೋಕೆ ಎರಡು ಕಡ್ಡಿ ನೆಲಬೇವು ಹಾಕಿ ಕುದಿಸಿ, ಕೈಯಿಟ್ಟರೆ ತಣ್ಣಗಾಗೋವರೆಗೆ ಆರಿಸಿ, ಆಮೇಲೆ ಗಸಿ ಬಿಟ್ಟು, ಒಳಗಿನೋನು ಉಸಿರಾಡಲಿ ಅಂತ ಬಾಯಿಗೆ ಬಟ್ಟೆ ಸಡಿಲವಾಗಿ ಕಟ್ಟಿ ಮೂಲೇಲಿಟ್ಟಳು. ಗಡಿಗೆ ತಾನೇ ಗುನುಗ್ತಾ ಕೂತಿತ್ತಂತೆ. ಗುನುಗು ನಿಂತು, ಗಸಿ ತಳಕ್ಕೆ ಕೂತ ಮೇಲೆ ಹೊತ್ತುಕೊಂಡು ಹೊರಟಳು.

ಬೂತ ಕೈ ಚಾಚಿದರೆ ಇವಳು ಕೊಡಲಿಲ್ಲ. ಮೊದಲು ಅವನನ್ನ ಈ ಕಡೆ ಬಿಡು ಅಂದಳು. ಕೆಟ್ಟಿದ್ದರೆ? ಕೆಟ್ಟಿದ್ದರೆ ಹಿಡಕೋ, ನಿನ್ನ ಕಾಲು ಅವನಿಗಿಂತ ಉದ್ದ ಐತಲ್ಲ. ಬೂತ ಯೋಚನೆ ಮಾಡಿ ಅವನನ್ನ ಬಿಡ್ತು. ಆಮೇಲೆ ಕುಡೀತು. ಮೀಸೆ ಮೇಲೆ ನೊರೆ ನಿಂತಿತು, ತಲೆ ಒಂಚೂರು ತೂಗಿತು. ಆಹಾ ಅಂತು. ಆ ಆಹಾ ಎಣ್ಣೆ ಹಾಕಿದ ಗಾಣದ ಹಾಗೆ ನಯವಾಗಿತ್ತಂತೆ. ಗಡಿಗೆ ಬರಿದು ಮಾಡಿ, ಗಪ್ ಅಂತ ದ್ಯಾವಾಜಿ ಕೈ ಹಿಡೀತು. ನಿನ್ನ ಗಂಡ ಯಾರಿಗೆ ಬೇಕು, ಇನ್ಮೇಲೆ ನೀನೇ ಇಲ್ಲಿರು!

ಬೋರೇಗ ಕಲ್ಲೆತ್ತಿಕೊಂಡ. ದ್ಯಾವಾಜಿ ಕಣ್ಣಲ್ಲೇ ಬೇಡ ಅಂದು, ಬೂತಕ್ಕೆ ಹೇಳಿದಳು: ಇರ್ತೀನಪ್ಪ, ಅದಕ್ಕೇನು. ಆದರೆ ಇಲ್ಲಿ ಜವೆಗೋಧಿ ಬೆಳೆಯೋ ಹೊಲ ಎಲ್ಲೈತೆ? ಒಲೆ ಎಲ್ಲೈತೆ? ಕಾಳು ಒಣಗಿಸೋ ಬಿಸಿಲು ಈ ಕಣಿವೆಗೆ ಎಲ್ಲಿ ಬೀಳುತ್ತೆ? ನನ್ನ ಹಿಡಕೊಂಡರೆ ನಾನು ಸಿಕ್ತೀನಿ, ನೊರೆ ಸಿಗೋದಿಲ್ಲ. ಬಿಟ್ಟರೆ, ಈ ದಾರೀಲಿ ದಾಟಿದಾಗಲೆಲ್ಲ ನಿನಗೊಂದು ಗಡಿಗೆ. ಆದರೆ ಬಿಟ್ಟಿ ಅಲ್ಲ, ಏರು ದಾರೀಲಿ ನನ್ನ ಮೂಟೆ ನೀನು ಹೊರಬೇಕು, ಕಳ್ಳರು ಬಂದರೆ ಓಡಿಸಬೇಕು.

ಬೂತ ಬರಿದಾದ ಗಡಿಗೆ ನೋಡಿ ತುಟಿ ನೆಕ್ಕಿಕೊಳ್ತಂತೆ. ಆಮೇಲೆ ಕೈ ಬಿಡ್ತು. ಗಡಿಗೆ ದೊಡ್ಡದಿರಲಿ ಅಂತು. ಮೂಟೇನೂ ದೊಡ್ಡದಿರುತ್ತೆ ಅಂದಳು ದ್ಯಾವಾಜಿ.

ಅವತ್ತಿಂದ ಗಂಡ ಹೆಂಡತಿ ಮುಂದೆ, ಎತ್ತುಗಳು ನಡುವೆ, ಬೆನ್ನ ಮೇಲೆ ಮೂಟೆ ಹೊತ್ತ ಬೂತ ಹಿಂದೆ. ಹಾಗೇ ಚೆನ್ನಾಗಿ ಬಾಳಿದರಂತೆ. ಅವರು ಕಣಿವೆ ಇಳಿದು ಆ ಕಡೆ ಹೋದರು, ನಮ್ಮ ಕತೆ ಈ ಕಡೇಲೇ ಮುಗೀತು. ಕಾಲು ಒಳಗೆಳಕೊಂಡು ಮಲಗು ಮಗಾ.