ಗೋಧಿ ಹೊಲದಲ್ಲಿ ಗಾಳಿಯ ಹಾಸಿಗೆ

ಆಕಾಶಕ್ಕೆ ಬಳಿದ ನೀಲಿ ಇನ್ನೂ ಹಸಿಯಾಗಿದ್ದ ಕಾಲ ಅದು, ಮಗು. ಬೆಟ್ಟ ತನ್ನ ಜಾಗದಲ್ಲಿ ಕೂತಿತ್ತು. ಹೊಳೆ ತನ್ನ ಹಾದಿ ಹಿಡಿದಿತ್ತು. ಗಾಳಿಗೆ ಮಾತ್ರ ಎಲ್ಲೂ ಜಾಗ ಸಿಕ್ಕಿರಲಿಲ್ಲ.

ಹುಟ್ಟಿದಾಗಿನಿಂದ ಗಾಳಿ ಓಡುತ್ತಲೇ ಇತ್ತು. ಕಣ್ಣು ಉರಿಯುತ್ತಿತ್ತು, ಮೈ ನೋಯುತ್ತಿತ್ತು.

"ಒಂದಿಷ್ಟು ಮಲಗಲೇ?" ಎಂದು ಬೆಟ್ಟವನ್ನು ಕೇಳಿತು.

"ನನ್ನ ಮೈಯೆಲ್ಲ ಕಲ್ಲು. ನಿನಗೆ ಚುಚ್ಚುತ್ತದೆ," ಎಂದಿತು ಬೆಟ್ಟ.

ಹೊಳೆಯನ್ನು ಕೇಳಿತು. "ನಾನೇ ನಿಲ್ಲುವುದಿಲ್ಲ, ನಿನ್ನನ್ನು ಎಲ್ಲಿ ಮಲಗಿಸಲಿ?" ಎಂದಿತು ಹೊಳೆ.

ಗಾಳಿ ಮತ್ತೆ ಓಡಿತು. ನಿದ್ದೆಗೆಟ್ಟ ಸಿಟ್ಟಿನಲ್ಲಿ ಗುಡಿಸಲುಗಳ ಸೂರು ಕಿತ್ತಿತು, ಒಲೆಯ ಬೂದಿ ಎರಚಿತು.

ಕಪ್ಪು ಮಣ್ಣಿನ ಸೀಮೆಯಲ್ಲಿ ತಂಗೆವ್ವ ಎಂಬಾಕೆ ಮೊಟ್ಟಮೊದಲು ಗೋಧಿ ಬಿತ್ತಿದ್ದಳು. ತೆನೆಗೆ ಹಾಲು ತುಂಬುತ್ತಿತ್ತು. ಆಗ ಗಾಳಿ ಬಂದು ಬದುವಿನ ಮೇಲೆ ಬುಸುಗುಡುತ್ತಾ ನಿಂತಿತು. ತಂಗೆವ್ವ ಓಡಿಬಂದು ತೆನೆಗಳಿಗೆ ಅಡ್ಡ ನಿಂತಳು. ಇದು ಒಳಗೆ ನುಗ್ಗಿದರೆ ಮಕ್ಕಳಿಗೆ ಊಟವಿಲ್ಲ.

ಆದರೂ ಕೇಳಿದಳು. "ಯಾಕಪಾ, ಹಿಂಗ್ಯಾಕ ಒದ್ದಾಡ್ತಿ?"

"ನಿದ್ದಿ ಇಲ್ಲವ್ವಾ," ಎಂದಿತು ಗಾಳಿ.

ಆ ದನಿ ಕೇಳಿ ಆಕೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. "ಇಲ್ಲೇ ಮಲ್ಕೊ. ಆದ್ರ ಒಂದು ದಂಟೂ ಮುರೀಬ್ಯಾಡ. ನನ್ನ ಮಕ್ಕಳು ಇದನ್ನ ನಂಬ್ಯಾರ."

ಗಾಳಿ ಮೆಲ್ಲಗೆ ಇಳಿಯಿತು. ಮಲಗುವ ಮುಂಚೆ ನಾಯಿ ಸುತ್ತುವ ಹಾಗೆ ಒಂದೇ ದಿಕ್ಕಿಗೆ ಸುತ್ತಿತು, ಸುತ್ತಿತು, ಸುತ್ತಿತು. ದಂಟುಗಳು ಗೆಣ್ಣಿನ ಹತ್ತಿರ ಬಾಗಿ ಚಾಪೆ ಹೆಣೆದಂತೆ ಒರಗಿದವು. ಒಂದೂ ಮುರಿಯಲಿಲ್ಲ. ಅಂಚಿನಾಚೆಯ ಗೋಧಿ ಗೋಡೆಯಂತೆ ನೆಟ್ಟಗೆ ನಿಂತಿತ್ತು.

ಇನ್ನೇನು ನಡುವೆ ತಲೆ ಇಡಬೇಕು, ಅಲ್ಲೊಂದು ಲಾವಕ್ಕಿ ಗೂಡಿನಿಂದ ಕತ್ತು ಎತ್ತಿತು. "ತಡಿ. ನನ್ನ ತತ್ತಿ ಅದಾವು ಇಲ್ಲಿ. ನೀ ಮಲಗಿದ್ರ ಒಡೀತಾವು."

ಗಾಳಿ ಗೂಡಿನ ಸುತ್ತಲಿನ ತೆನೆಗಳನ್ನು ಹಾಗೇ ಬಿಟ್ಟಿತು. ಪಕ್ಕಕ್ಕೆ ಸರಿದು ಸಣ್ಣದೊಂದು ವೃತ್ತ ಸುತ್ತಿತು. ಅಲ್ಲೂ ಗೂಡು. ಅದರಾಚೆ ಇನ್ನೂ ಸಣ್ಣದು ಸುತ್ತಿತು. ಅಲ್ಲೂ ಗೂಡು. ಕೊನೆಗೆ ಎದ್ದು ನಿಂತಿತು.

"ಮಲಗಲಿಲ್ಲೇನು?" ಎಂದಳು ತಂಗೆವ್ವ.

"ಎಲ್ಲಾ ಕಡೆ ಹಕ್ಕಿ ಗೂಡು ಅದಾವು. ಮನಸ್ಸು ಬರಲಿಲ್ಲವ್ವಾ."

"ಮರಿ ಹಾರಿದ ಮ್ಯಾಲೆ ಬಾ," ಎಂದಳು ಆಕೆ.

ಗಾಳಿ ಹೋಯಿತು. ಮರಿಗಳು ಹಾರಿದವು. ಆದರೆ ಅಷ್ಟರಲ್ಲಿ ಕಾಳು ಬಲಿತಿತ್ತು, ಮಕ್ಕಳು ಹಸಿದಿದ್ದರು. ತಂಗೆವ್ವ ಕುಡುಗೋಲು ಹಿಡಿಯಲೇಬೇಕಾಯಿತು. ಗಾಳಿ ಓಡೋಡಿ ಬಂದಾಗ ಹೊಲದಲ್ಲಿ ಕೊಯ್ದು ಉಳಿದ ಬರೀ ಕೂಳೆ. ಮಲಗಲು ಹೋದರೆ ಮೈಗೆಲ್ಲ ಚುಚ್ಚಿತು.

ತಂಗೆವ್ವ ತಲೆ ಎತ್ತಲಿಲ್ಲ. "ಬರೋ ವರ್ಷ ಮತ್ತ ಬಿತ್ತೀನಿ. ಬಾ," ಎಂದಳು.

ಗಾಳಿ ಪ್ರತಿ ವರ್ಷವೂ ಬರುತ್ತದೆ, ಮಗು. ಸುತ್ತಿ ಹಾಸಿಗೆ ಮಾಡುತ್ತದೆ, ನಡುವೆ ಗೂಡು ಕಂಡು ಎದ್ದು ಹೋಗುತ್ತದೆ. ಅದಕ್ಕೇ ಇವತ್ತಿಗೂ ಕೆಲವು ಗೋಧಿ ಹೊಲಗಳಲ್ಲಿ ದಂಟು ಮುರಿಯದೆ ಒಂದೇ ಕಡೆಗೆ ಬಾಗಿದ ದುಂಡನೆಯ ಹಾಸಿಗೆ ಕಾಣುತ್ತದೆ, ನಡುವೆ ನಾಲ್ಕು ತೆನೆ ನಿಂತಿರುತ್ತವೆ. ಕೈಯಿಟ್ಟು ನೋಡಿದರೆ ಅದು ತಣ್ಣಗಿರುತ್ತದೆ, ಯಾಕೆಂದರೆ ಅಲ್ಲಿ ಯಾರೂ ಮಲಗಿಲ್ಲ.